ಅರಿಶಿಣದ ಕ್ಯಾಪ್ಸೂಲು ಮರೆವನ್ನು ತಡೆಯುತ್ತದೆಯೇ?

ರಾಯಚೂರು, ಕೊಪ್ಪಳದ ಅಡುಗೆಮನೆಗಳಲ್ಲಿ ಅರಿಶಿಣ ಬೀಳದ ಬೇಳೆ ಸಾರಿಲ್ಲ. ಈಗ ಅದೇ ಅರಿಶಿಣದ ಸತ್ವವಾದ ಕರ್ಕ್ಯುಮಿನ್ ಕ್ಯಾಪ್ಸೂಲಿನಲ್ಲೂ ಸಿಗುತ್ತದೆ. ಆಲ್ಝೈಮರ್ಸ್ ಎಂಬ ಮರೆವಿನ ರೋಗ ಬಾರದಿರಲೆಂದು ವಯಸ್ಸಾದವರಿಗೆ ಅದನ್ನು ಕೊಡಿಸುವ ಮುನ್ನ ಒಂದು ಲೆಕ್ಕ ಹಾಕಿ ನೋಡಬೇಕು.

ಅರಿಶಿಣ ಪುಡಿಯಲ್ಲಿ ಕರ್ಕ್ಯುಮಿನ್ ಸುಮಾರು ನೂರಕ್ಕೆ 3 ಪಾಲು. ಚಮಚದಷ್ಟು, ಅಂದರೆ 3 ಗ್ರಾಂ ಪುಡಿಯಲ್ಲಿ ಸಿಗುವುದು 90 ಮಿಲಿಗ್ರಾಂ. ಪ್ರಯೋಗಗಳಲ್ಲಿ ಕೊಟ್ಟಿರುವ 2 ಗ್ರಾಂ ಬೇಕೆಂದರೆ ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಚಮಚ ತಿನ್ನಬೇಕು! ತಿಂದರೂ ಅದು ನೀರಿನಲ್ಲಿ ಕರಗದು. ಕರುಳಿನಿಂದ ರಕ್ತಕ್ಕೆ ಸೇರುವುದೇ ಅತ್ಯಲ್ಪ, ಸೇರಿದ್ದನ್ನೂ ಯಕೃತ್ತು ಬೇಗನೆ ಮಾರ್ಪಡಿಸಿ ಹೊರಹಾಕುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 2 ಗ್ರಾಂ ಕರ್ಕ್ಯುಮಿನ್ ಜೊತೆ ಕಾಳುಮೆಣಸಿನ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ, ರಕ್ತ ಸೇರುವ ಪ್ರಮಾಣ ಸುಮಾರು 20 ಪಟ್ಟು ಏರಿತು. ಕ್ಯಾಪ್ಸೂಲುಗಳಲ್ಲಿ ಮೆಣಸಿನ ಸಾರ ಇರುವುದು ಇದಕ್ಕೇ. ಆದರೆ ಅತ್ಯಲ್ಪದ 20 ಪಟ್ಟೂ ಬಹಳವೇನಲ್ಲ. ಮೇಲಾಗಿ ಪೈಪರಿನ್ ಬೇರೆ ಔಷಧಗಳ ಮಟ್ಟವನ್ನೂ ಏರಿಸಬಲ್ಲದು. ಫಿಟ್ಸ್‌ಗೆ ಫೆನಿಟಾಯಿನ್, ರಕ್ತ ಹೆಪ್ಪುಗಟ್ಟದಿರಲು ವಾರ್ಫರಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಆಲ್ಝೈಮರ್ಸ್ ರೋಗದಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನು ಮೆದುಳಿನ ಕೋಶಗಳ ನಡುವೆ ಗಡ್ಡೆಗಟ್ಟುತ್ತದೆ, ಟೌ ಎಂಬುದು ಕೋಶದೊಳಗೆ ಸಿಕ್ಕುಗಟ್ಟುತ್ತದೆ. ಗಾಜಿನ ನಳಿಕೆಯಲ್ಲಿ ಕರ್ಕ್ಯುಮಿನ್ ಅಮಿಲಾಯ್ಡಿಗೆ ಅಂಟಿಕೊಂಡು ಆ ಗಡ್ಡೆಯನ್ನು ತಡೆದಿದ್ದು ನಿಜ. ಆಸೆ ಚಿಗುರಿದ್ದು ಅಲ್ಲಿಂದ. ರೋಗಿಗಳಿಗೆ ದಿನಕ್ಕೆ 2 ಅಥವಾ 4 ಗ್ರಾಂನಂತೆ 24 ವಾರ ಕೊಟ್ಟಾಗ ಮಾತ್ರ ಏನೂ ಪ್ರಯೋಜನ ಕಾಣಲಿಲ್ಲ ಎಂದು 2012ರ ವರದಿ ಹೇಳಿತು. ಗಿಂಕ್ಗೊ ಎಂಬ ಮರದ ಎಲೆಯ ಸಾರದ ಕಥೆಯೂ ಅಷ್ಟೇ: ಅಮೆರಿಕದಲ್ಲಿ 3,069 ವೃದ್ಧರನ್ನು ವರ್ಷಗಟ್ಟಲೆ ಗಮನಿಸಿದ ಪ್ರಯೋಗದಲ್ಲಿ, ಅದನ್ನು ಸೇವಿಸಿದವರಲ್ಲಿ ಮರೆವಿನ ರೋಗ ಕಡಿಮೆಯಾಗಲಿಲ್ಲ.

ಹಾಗೆಂದು ಸಸ್ಯಗಳನ್ನು ತಳ್ಳಿಹಾಕುವಂತಿಲ್ಲ. ಸ್ನೋಡ್ರಾಪ್ ಎಂಬ ಚಳಿನಾಡಿನ ಹೂಗಿಡದ ಗ್ಯಾಲಂಟಮಿನ್ ಇಂದು ವೈದ್ಯರು ಬರೆದುಕೊಡುವ ಔಷಧ. ನೆನಪಿಗೆ ಬೇಕಾದ ಅಸಿಟೈಲ್‌ಕೋಲೀನ್ ಎಂಬ ಮೆದುಳಿನ ರಾಸಾಯನಿಕವನ್ನು ಒಡೆಯುವ ಕಿಣ್ವವನ್ನು ಅದು ಅಡ್ಡಗಟ್ಟುತ್ತದೆ. ದಿನಕ್ಕೆ 8 ಮಿಲಿಗ್ರಾಂನಿಂದ ಶುರುಮಾಡಿ 4 ವಾರವಾದ ಮೇಲೆ ಏರಿಸುತ್ತಾರೆ; ಅವಸರ ಮಾಡಿದರೆ ವಾಕರಿಕೆ, ವಾಂತಿ ಹೆಚ್ಚುತ್ತದೆ, ನಾಡಿ ನಿಧಾನವಾಗುವ ಅಪಾಯವೂ ಇದೆ. ಅದು ರೋಗದ ಲಕ್ಷಣವನ್ನು ಒಂದಿಷ್ಟು ಕಾಲ ತಗ್ಗಿಸುತ್ತದೆ, ರೋಗ ಬರುವುದನ್ನು ತಡೆಯುವುದಿಲ್ಲ.

ಅಡುಗೆಗೆ ಅರಿಶಿಣ ಇರಲಿ, ಆದರೆ ನೋಡಿ ಖರೀದಿಸಿ. ಕಣ್ಣು ಕುಕ್ಕುವ ಹಳದಿಗಾಗಿ ಲೆಡ್ ಕ್ರೋಮೇಟ್ ಬೆರೆಸುವುದುಂಟು. ಅದರಲ್ಲಿರುವ ಸೀಸ ಮೆದುಳಿಗೇ ವಿಷ. ಬಾಂಗ್ಲಾದೇಶದಲ್ಲಿ ಕೊಂಬಿಗೆ ಪಾಲಿಶ್ ಮಾಡುವಾಗಲೇ ಬಳಿಯುತ್ತಿದ್ದುದು ಬಯಲಾಗಿತ್ತು. ಹಾಗಾಗಿ ಫಳಫಳ ಹೊಳೆಯುವ ಕೊಂಬು ಬೇಡ. ಸಿಪ್ಪೆ ಮಂಕಾಗಿ, ಕಂದು ಛಾಯೆಯಲ್ಲಿರುವುದನ್ನು ತಂದು, ತೊಳೆದು ಒಣಗಿಸಿ ಗಿರಣಿಯಲ್ಲಿ ಬೀಸಿಸುವುದು ಲೇಸು.

ತಡೆಗಟ್ಟುವ ಮಾತಿಗೆ ಬಂದರೆ, ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ತಜ್ಞರ ಆಯೋಗ 2024ರಲ್ಲಿ 14 ಅಪಾಯದ ಅಂಶಗಳನ್ನು ಗುರುತಿಸಿ, ಅವೆಲ್ಲ ಇಲ್ಲವಾದರೆ ಸುಮಾರು 45 ಶೇಕಡಾ ಮರೆವಿನ ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಬಿಪಿ, ಶುಗರ್, ಕೆಟ್ಟ ಕೊಲೆಸ್ಟ್ರಾಲ್, ಬೀಡಿ-ಸಿಗರೇಟು, ಮಂದವಾದ ಕಿವಿ ಆ ಪಟ್ಟಿಯಲ್ಲಿವೆ. ಕ್ಯಾಪ್ಸೂಲಿನ ದುಡ್ಡು ಕಿವಿಯ ಯಂತ್ರಕ್ಕೆ ಹೋದರೆ ಹೆಚ್ಚು ಸಾರ್ಥಕ. ಮರೆವು ಈಗಾಗಲೇ ಶುರುವಾಗಿದ್ದರೆ ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಿರದೆ, ಬಿ12 ಮತ್ತು ಥೈರಾಯ್ಡ್ ರಕ್ತಪರೀಕ್ಷೆ ಮಾಡಿಸಿ. ಇವೆರಡರ ಕೊರತೆಯಿಂದ ಬಂದ ಮರೆವಿಗೆ ಚಿಕಿತ್ಸೆ ಇದೆ.