‘ಲಾರ್ಡ್’ ಅಂತ ಪಾಸ್‌ಪೋರ್ಟಿಗೆ ಸೇರಿಸಬಹುದಾ ಮೇಡಂ?

ಕಳೆದ ತಿಂಗಳು ಒಬ್ಬ ಹುಡುಗ ನನ್ನ ಕಚೇರಿಗೆ ಬಂದಿದ್ದ. ಮೂವತ್ತರ ಆಸುಪಾಸು, ಸಾಫ್ಟ್‌ವೇರ್ ಕೆಲಸ. ಜೊತೆಗೆ ಅವನ ತಂದೆ, ನಿವೃತ್ತ ಮೇಷ್ಟ್ರು. ಹುಡುಗನ ಕಂಕುಳಲ್ಲಿ ಟವೆಲ್ ಸುತ್ತಿದ ಒಂದು ಫ್ರೇಮು. ಜೋಪಾನವಾಗಿ ಬಿಚ್ಚಿ ಮೇಜಿನ ಮೇಲಿಟ್ಟ. ದಪ್ಪ ಕಾಗದ, ಮೇಲೆ ರಾಜಲಾಂಛನ, ಕೆಳಗೆ ಸಹಿ, ಸೀಲು. ನಡುವೆ ಅವನ ಹೆಸರು. ಹೆಸರಿಗೆ ಮೊದಲು ‘ಲಾರ್ಡ್’. ಕೊಟ್ಟಿದ್ದು ಸೀಲ್ಯಾಂಡ್ ಸಂಸ್ಥಾನ.

“ಮದುವೆಯಾಗಿ ಐದು ವರ್ಷ ಆಯ್ತು ಅಂತ ನನ್ನ ಹೆಂಡತಿ ಆನ್‌ಲೈನಲ್ಲಿ ದುಡ್ಡು ಕಟ್ಟಿ ತರಿಸಿಕೊಟ್ಟಿದ್ದು ಮೇಡಂ. ಇದನ್ನ ಪಾಸ್‌ಪೋರ್ಟಿಗೆ ಸೇರಿಸ್ಬೇಕು. ಅಫಿಡವಿಟ್ ಮಾಡಿಕೊಡ್ತೀರಾ?”

ಹೆಸರು ತಿದ್ದುಪಡಿ, ಅಫಿಡವಿಟ್, ಕರಾರು ಪತ್ರ. ನನ್ನ ವಕೀಲಿಕೆಯಲ್ಲಿ ಇವೇ ಜಾಸ್ತಿ. ಇಂಥ ಬಿರುದು ಹಿಡಿದು ಬಂದವರಲ್ಲಿ ಇವನು ಮೊದಲನೆಯವನೂ ಅಲ್ಲ. ಅದಕ್ಕೇ ಈ ಸಲ ಇದನ್ನೇ ಬರೆಯುತ್ತಿದ್ದೇನೆ.

ಮೊದಲು ಸೀಲ್ಯಾಂಡ್ ಏನು ಅಂತ ನೋಡೋಣ. ಇಂಗ್ಲೆಂಡಿನ ಸಫೋಕ್ ತೀರದಿಂದ ಸುಮಾರು 12 ಕಿಲೋಮೀಟರ್ ದೂರದಲ್ಲಿ, ಸಮುದ್ರದ ನಡುವೆ ಒಂದು ಕಟ್ಟೆ ಇದೆ. ಎರಡು ದಪ್ಪ ಕಾಂಕ್ರೀಟ್ ಕಂಬ, ಅವುಗಳ ಮೇಲೆ ಒಂದು ಅಟ್ಟ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಕಾವಲಿಗೆ ಕಟ್ಟಿ, ಆಮೇಲೆ ಬಿಟ್ಟುಹೋದ ಕೋಟೆ ಅದು. ಸೈನ್ಯದಲ್ಲಿ ಮೇಜರ್ ಆಗಿದ್ದ ರಾಯ್ ಬೇಟ್ಸ್ ಅಲ್ಲಿಗೆ ಹೋಗಿ ಕೂತರು. ಪರವಾನಗಿ ಇಲ್ಲದೆ ಸಮುದ್ರದಿಂದ ರೇಡಿಯೋ ನಡೆಸುತ್ತಿದ್ದ ಮನುಷ್ಯ. 1967ರ ಸೆಪ್ಟೆಂಬರ್ 2ರಂದು ‘ಇದು ಸ್ವತಂತ್ರ ದೇಶ’ ಅಂತ ಸಾರಿದರು. ಅದು ಅವರ ಹೆಂಡತಿ ಜೋನ್ ಅವರ ಹುಟ್ಟುಹಬ್ಬದ ದಿನ. ತಾನು ರಾಜಕುಮಾರ, ಆಕೆ ರಾಜಕುಮಾರಿ. ಆ ದೇಶದ ಮೊದಲ ಬಿರುದು ಹೆಂಡತಿಗೆ ಕೊಟ್ಟ ಉಡುಗೊರೆ ಅಂತಲೇ ಹೇಳಬಹುದು.

ಮರುವರ್ಷ ಕೋಟೆಯ ಹತ್ತಿರ ಬಂದ ಹಡಗಿನ ಕಡೆಗೆ ಬೇಟ್ಸ್ ಕಡೆಯವರು ಗುಂಡು ಹಾರಿಸಿದ ಕೇಸು ಇಂಗ್ಲೆಂಡಿನ ಕೋರ್ಟಿಗೆ ಹೋಯಿತು. ಆಗ ಬ್ರಿಟನ್ನಿನ ಕಡಲ ಗಡಿ ಮೂರು ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಮಾತ್ರ. ಕೋಟೆ ಅದರಾಚೆ ಇದೆ, ನಮಗೆ ವಿಚಾರಣೆಯ ಅಧಿಕಾರ ಇಲ್ಲ ಅಂತ ಕೋರ್ಟು ಹೇಳಿತು. ಬೇಟ್ಸ್ ಕುಟುಂಬ ಇವತ್ತಿಗೂ ಈ ತೀರ್ಪನ್ನೇ ತೋರಿಸುತ್ತದೆ. ಆದರೆ ‘ನಮ್ಮ ವ್ಯಾಪ್ತಿಗೆ ಬರೋದಿಲ್ಲ’ ಅನ್ನುವುದು ಬೇರೆ, ‘ನೀವೊಂದು ದೇಶ’ ಅನ್ನುವುದು ಬೇರೆ. 1987ರಲ್ಲಿ ಬ್ರಿಟನ್ ತನ್ನ ಕಡಲ ಗಡಿಯನ್ನು 12 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 22 ಕಿಲೋಮೀಟರಿಗೆ ವಿಸ್ತರಿಸಿತು. ಕೋಟೆ ಈಗ ಅದರೊಳಗೇ ಇದೆ. ಯಾವ ಸರ್ಕಾರವೂ ಸೀಲ್ಯಾಂಡನ್ನು ದೇಶ ಅಂತ ಒಪ್ಪಿಲ್ಲ.

ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದದ್ದು 1978ರ ಜರ್ಮನಿಯ ಒಂದು ತೀರ್ಪು. ಒಬ್ಬ ಜರ್ಮನ್ ಪ್ರಜೆ ಸೀಲ್ಯಾಂಡಿನ ಪೌರತ್ವ ಪಡೆದಿದ್ದ. ಹಾಗಾಗಿ ನನ್ನ ಜರ್ಮನ್ ಪೌರತ್ವ ಹೋಯಿತು ಅಂತ ಘೋಷಿಸಿ ಎಂದು ಕೊಲೋನ್ ನಗರದ ಕೋರ್ಟಿಗೆ ಹೋದ. ಕೋರ್ಟು ಒಪ್ಪಲಿಲ್ಲ. ಒಂದು ದೇಶಕ್ಕೆ ನೆಲ ಬೇಕು, ಅದು ಭೂಮಿಯ ಸಹಜ ಭಾಗವಾಗಿರಬೇಕು, ಮನುಷ್ಯ ಕಟ್ಟಿದ ಅಟ್ಟ ನೆಲ ಆಗುವುದಿಲ್ಲ ಎಂದಿತು. ಜನರ ಬಗ್ಗೆ ಹೇಳಿದ ಮಾತು ನನಗೆ ಇನ್ನೂ ಇಷ್ಟ. ಲಾಭಕ್ಕೋ ವ್ಯವಹಾರಕ್ಕೋ ಒಂದು ಪಟ್ಟಿಯಲ್ಲಿ ಹೆಸರು ಸೇರಿಸಿಕೊಂಡವರೆಲ್ಲ ಸೇರಿ ಒಂದು ಜನತೆ ಆಗುವುದಿಲ್ಲ. ಒಟ್ಟಿಗೆ ಬಾಳಬೇಕು, ಕಷ್ಟಸುಖಕ್ಕೆ ಆಗಬೇಕು.

ಈಗ ನಮ್ಮ ಸಂವಿಧಾನಕ್ಕೆ ಬರೋಣ. 18ನೇ ವಿಧಿ ಬಿರುದುಗಳ ಬಗ್ಗೆಯೇ ಇದೆ. ಸೇನೆಯ ಮತ್ತು ವಿದ್ಯೆಯ ಗೌರವ ಬಿಟ್ಟರೆ ಸರ್ಕಾರ ಯಾವ ಬಿರುದನ್ನೂ ಕೊಡುವಂತಿಲ್ಲ. ಭಾರತದ ಪ್ರಜೆ ಯಾವುದೇ ವಿದೇಶಿ ರಾಜ್ಯದಿಂದ ಬಿರುದು ಪಡೆಯುವಂತಿಲ್ಲ. ಹುಡುಗನಿಗೆ ಇದನ್ನೇ ಬಿಡಿಸಿ ಹೇಳಿದೆ. “ಸೀಲ್ಯಾಂಡ್ ದೇಶ ಅಂತೀಯಾ, ಹಾಗಾದ್ರೆ ಈ ಬಿರುದು ತಗೊಂಡಿದ್ದೇ ತಪ್ಪು. ದೇಶ ಅಲ್ಲ ಅಂತೀಯಾ, ಹಾಗಾದ್ರೆ ಇದು ಬಿರುದೇ ಅಲ್ಲ, ಪ್ರೀತಿಯಿಂದ ಕೊಟ್ಟ ಒಂದು ಉಡುಗೊರೆ. ಉಡುಗೊರೆ ಇಟ್ಕೊಳ್ಳೋಕೆ ಯಾರ ಅಡ್ಡಿಯೂ ಇಲ್ಲ. ಆದ್ರೆ ಎರಡರಲ್ಲಿ ಯಾವ ದಾರಿ ಹಿಡಿದ್ರೂ ಅದು ಪಾಸ್‌ಪೋರ್ಟ್ ತಲುಪಲ್ಲ.”

ಅಲ್ಲಿಯವರೆಗೆ ಸುಮ್ಮನಿದ್ದ ಮೇಷ್ಟ್ರು ಬಾಯಿ ಬಿಟ್ಟರು. “ನಮ್ಮ ತಾತನಿಗೆ ಬ್ರಿಟಿಷರು ರಾವ್ ಸಾಹೇಬ್ ಅಂತ ಕೊಟ್ಟಿದ್ರಲ್ಲಮ್ಮ. ಸನ್ನದು ಇತ್ತು, ಪದಕ ಇತ್ತು. ಪತ್ರಗಳಲ್ಲೂ ಹಾಗೇ ಬರೀತಿದ್ರು.”

ನಿಜ. ನಾನೂ ಹಳೆಯ ಕ್ರಯಪತ್ರಗಳಲ್ಲಿ ನೋಡಿದ್ದೇನೆ. ರಾವ್ ಸಾಹೇಬ್, ರಾವ್ ಬಹದ್ದೂರ್, ದಿವಾನ್ ಬಹದ್ದೂರ್. ಮೈಸೂರು ಮಹಾರಾಜರು ಕೊಡುತ್ತಿದ್ದ ಬಿರುದುಗಳು ಬೇರೆ. ಬಿ.ಎಂ. ಶ್ರೀಕಂಠಯ್ಯನವರನ್ನು ‘ರಾಜಸೇವಾಸಕ್ತ’ ಅಂದದ್ದು ಹಾಗೆಯೇ. ಆಗ ಕೊಡುವವರ ಕೈಯಲ್ಲಿ ಆಳ್ವಿಕೆ ಇತ್ತು, ಅವರ ಕಚೇರಿ ಆ ಬಿರುದನ್ನು ಒಪ್ಪುತ್ತಿತ್ತು. ಸ್ವತಂತ್ರ ಭಾರತ ಆ ಬಾಗಿಲನ್ನು ಬೇಕಂತಲೇ ಮುಚ್ಚಿತು. ಹುಟ್ಟಿನಿಂದಲೋ ದೊರೆಯ ಕೃಪೆಯಿಂದಲೋ ಒಬ್ಬ ಇನ್ನೊಬ್ಬನಿಗಿಂತ ಮೇಲು ಅನ್ನುವ ಗುರುತು ಸರ್ಕಾರಿ ಕಾಗದದಲ್ಲಿ ಇರಬಾರದು ಅನ್ನುವುದು ಅದರ ಹಿಂದಿನ ಮಾತು. ನನಗೆ ಇದರ ಮೇಲೆ ತುಂಬಾ ಗೌರವ. ಪದ್ಮ ಪ್ರಶಸ್ತಿಗಳು ಬಿರುದಲ್ಲ, ಆದರೆ ಅವನ್ನು ಹೆಸರಿನ ಹಿಂದೆ ಮುಂದೆ ಅಂಟಿಸಿಕೊಳ್ಳುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1995ರಲ್ಲಿ ಹೇಳಿದೆ. ಪದ್ಮಶ್ರೀಗೇ ಹೀಗಿರುವಾಗ ಲಾರ್ಡ್ ಯಾವ ಲೆಕ್ಕ?

ಪ್ಯಾನ್ ಅರ್ಜಿಯ ಸೂಚನೆಗಳನ್ನು ಯಾರೂ ಓದುವುದಿಲ್ಲ. ಹೆಸರಿಗೆ ಮೊದಲು ಶ್ರೀ, ಶ್ರೀಮತಿ, ಡಾಕ್ಟರ್, ಮೇಜರ್ ಏನೂ ಬರೆಯಬೇಡಿ ಅಂತ ಅದರಲ್ಲಿ ಸ್ಪಷ್ಟವಾಗಿದೆ.

ಕೆಲವರು ಇನ್ನೊಂದು ದಾರಿ ಕೇಳುತ್ತಾರೆ. ಬಿರುದಾಗಿ ಬೇಡ, ಹೆಸರನ್ನೇ ‘ಲಾರ್ಡ್’ ಅಂತ ಬದಲಿಸಿಕೊಂಡರೆ? ಇಂಗ್ಲೆಂಡಿನಲ್ಲೂ ಜನ ಹೀಗೆ ಮಾಡುತ್ತಾರೆ. ಅಲ್ಲಿನ ಪಾಸ್‌ಪೋರ್ಟ್ ಕಚೇರಿ ‘ಇದು ಇವರ ಹೆಸರು, ಬಿರುದಲ್ಲ’ ಅಂತ ಪಾಸ್‌ಪೋರ್ಟಿನಲ್ಲೇ ಷರಾ ಹಾಕಿಕೊಡುತ್ತದೆ. ನಮ್ಮಲ್ಲಿ ಅಫಿಡವಿಟ್, ಪತ್ರಿಕೆ ಜಾಹೀರಾತು, ಗೆಜೆಟ್ ಅಂತ ಓಡಾಡಬೇಕು. ಆಮೇಲೆ ಆಧಾರ್, ಬ್ಯಾಂಕು, ಪಿಎಫ್, ಎಲ್ಲ ಕಡೆ ತಿದ್ದಿಸಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಮಾತ್ರ ಹಳೆಯ ಹೆಸರೇ ಉಳಿದಿರುತ್ತದೆ.

ಮೂರು ವರ್ಷದ ಹಿಂದೆ ನನ್ನ ಕಕ್ಷಿದಾರರೊಬ್ಬರು ಫ್ಲ್ಯಾಟ್ ಕೊಳ್ಳುವಾಗ ಖರೀದಿ ಕರಾರಿನಲ್ಲಿ ಆಸೆಪಟ್ಟು ಇಂಥದ್ದೇ ಬಿರುದು ಬರೆಸಿದ್ದರು. ಪ್ಯಾನ್‌ನಲ್ಲಿ ಒಂದು ಹೆಸರು, ಕರಾರಿನಲ್ಲಿ ಒಂದು ಹೆಸರು ಅಂತ ಬ್ಯಾಂಕು ಸಾಲದ ಅರ್ಜಿ ವಾಪಸ್ ಕಳಿಸಿತು. ಹೊಸ ಕರಾರು ಮಾಡೋಣ ಅಂದರೆ ಮಾರುವವರು ಅಷ್ಟರಲ್ಲಿ ರೇಟು ಏರಿಸಿದ್ದರು. ಒಂದೇ ಒಂದು ಪದ, ಎರಡು ತಿಂಗಳ ಅಲೆದಾಟ. ಅವರ ಹೆಂಡತಿ ನನ್ನೆದುರು ಕೂತು ಕಣ್ಣೀರು ಹಾಕಿದ್ದು ಮರೆತಿಲ್ಲ.

“ಹಾಗಾದ್ರೆ ಇದನ್ನ ಎಲ್ಲಿ ಬಳಸಬಹುದು ಮೇಡಂ?” ಅಂತ ಹುಡುಗ ಕೇಳಿದ. ದನಿ ಸ್ವಲ್ಪ ಇಳಿದಿತ್ತು.

ಮನೆಯಲ್ಲಿ, ಸ್ನೇಹಿತರ ನಡುವೆ, ಹುಟ್ಟುಹಬ್ಬದ ಕಾರ್ಡಿನ ಮೇಲೆ ಧಾರಾಳವಾಗಿ ಬಳಸು ಅಂದೆ. ಆದರೆ ಇದನ್ನು ತೋರಿಸಿ ಯಾರಿಂದಲೂ ದುಡ್ಡು, ಕೆಲಸ, ಸವಲತ್ತು ಪಡೆಯಬೇಡ, ಅದು ಮೋಸದ ಕೇಸಾಗುತ್ತದೆ ಅಂತಲೂ ಹೇಳಿದೆ. ಆಮೇಲೆ ಜೋನ್ ಅವರ ಹುಟ್ಟುಹಬ್ಬದ ಕಥೆ ಹೇಳಿದೆ. ಕೇಳುತ್ತಾ ಕೇಳುತ್ತಾ ಅವನ ಮುಖ ಅರಳಿತು. ಇದನ್ನ ಹೆಂಡತಿಗೂ ಹೇಳ್ತೀನಿ ಅಂದ.

ಮೇಷ್ಟ್ರು ಫ್ರೇಮನ್ನು ತಾವೇ ಎತ್ತಿಕೊಂಡು ಟವೆಲ್ ಸುತ್ತಿದರು. “ತಾತನ ಸನ್ನದು ಗೆದ್ದಲು ತಿಂದು ಹೋಯ್ತಮ್ಮ. ನಡುಮನೇಲಿ ಆ ಮೊಳೆ ಹಾಗೇ ಖಾಲಿ ಇದೆ. ಇವತ್ತೇ ಹಾಕ್ತೀನಿ” ಅಂದರು.