ಜಗಲಿಯ ಕಂಬ ಎಷ್ಟು ಬಾಗುತ್ತದೆ?

ತೀರ್ಥಹಳ್ಳಿ, ಸಾಗರದ ಕಡೆಯ ಹೆಂಚಿನ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲು ಜಗಲಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುವುದುಂಟು. ಇರಚಲು ಒಳಗೆ ಬಾರದಿರಲೆಂದು ಕಟ್ಟಿದ ತಟ್ಟಿ ಗಾಳಿಗೂ ಅಡ್ಡ ನಿಲ್ಲುತ್ತದೆ, ಆ ಗಾಳಿಯ ನೂಕೆಲ್ಲ ಕಂಬಕ್ಕೆ ಹೋಗುತ್ತದೆ. ಅಲ್ಲಿಯವರೆಗೆ ಮಾಡಿನ ಭಾರವನ್ನಷ್ಟೇ ಹೊತ್ತಿದ್ದ ಕಂಬ ಈಗ ಮೇಲಿನ ಒತ್ತನ್ನೂ ಪಕ್ಕದ ನೂಕನ್ನೂ ಒಟ್ಟಿಗೆ ತಾಳಬೇಕು.

3 ಮೀಟರ್ ಎತ್ತರದ, 75 ಮಿ.ಮೀ. ಚೌಕದ ಒಂದು ಮರದ ಕಂಬವನ್ನು ತೆಗೆದುಕೊಳ್ಳೋಣ. ಅದರ ಬುಡವೂ ತುದಿಯೂ ಪಕ್ಕಕ್ಕೆ ಜರುಗುವುದಿಲ್ಲ, ಮರದ ಸ್ಥಿತಿಸ್ಥಾಪಕತ್ವ, ಅಂದರೆ ಬಾಗದಂತೆ ತಡೆಯುವ ಅದರ ಬಿಗಿ, ಚದರ ಮಿ.ಮೀ.ಗೆ 10,000 ನ್ಯೂಟನ್ ಎಂದಿರಲಿ. ಮೀಟರಿಗೆ ಸುಮಾರು 13 ಕೆ.ಜಿ.ಯಷ್ಟು ಗಾಳಿಯ ನೂಕು ಬಿದ್ದರೆ ಕಂಬದ ನಡುಭಾಗ 5 ಮಿ.ಮೀ. ಬಾಗುತ್ತದೆ. ನೆಟ್ಟಗಿರುವ ಕಂಬವನ್ನು ಮಾಡಿನ ಭಾರವೊಂದೇ ಬಾಗಿಸುವುದಿಲ್ಲ. ಹಾಗಾದರೆ ಎರಡೂ ಸೇರಿದಾಗ ಐದಕ್ಕೆ ಸೊನ್ನೆ ಕೂಡಿಸಿ ಐದೇ ಎನ್ನಬಹುದೆ?

ಎನ್ನಲಾಗದು. ಗಾಳಿ 5 ಮಿ.ಮೀ. ಬಾಗಿಸಿದ ಕೂಡಲೇ ಮಾಡಿನ ಭಾರದ ಗೆರೆಯಿಂದ ಕಂಬದ ನಡು ಅಷ್ಟು ದೂರ ಸರಿದಿರುತ್ತದೆ. ಆ ದೂರವನ್ನೇ ಸನ್ನೆ ಮಾಡಿಕೊಂಡು ಭಾರವು ಕಂಬವನ್ನು ಇನ್ನಷ್ಟು ಬಾಗಿಸುತ್ತದೆ, ಹೆಚ್ಚಿದ ಬಾಗು ಮತ್ತಷ್ಟು ಬಾಗಿಗೆ ದಾರಿಯಾಗುತ್ತದೆ. ಗಣಿತಜ್ಞ ಲಿಯೊನಾರ್ಡ್ ಆಯ್ಲರ್ 1744ರಲ್ಲಿ ಕೊಟ್ಟ ಸೂತ್ರದ ಪ್ರಕಾರ ಈ ಕಂಬ ತಾನಾಗಿ ಬಾಗಿಬೀಳುವ ಭಾರ ಸುಮಾರು 2,900 ಕೆ.ಜಿ. ಮಾಡಿನ ಪಾಲು ಅದರ ಅರ್ಧ, ಅಂದರೆ 1,450 ಕೆ.ಜಿ. ಇದ್ದರೆ ಪ್ರತಿ ಸುತ್ತಿನಲ್ಲೂ ಹಿಂದಿನದರ ಅರ್ಧ ಸೇರುತ್ತದೆ: 5, 2.5, 1.25, ಹೀಗೆ ಹೋಗಿ ಒಟ್ಟು 10 ಮಿ.ಮೀ. ಭಾರ ಆ 2,900ರ ಮುಕ್ಕಾಲಾದರೆ 20, ಹತ್ತರಲ್ಲಿ ಒಂಬತ್ತು ಪಾಲಾದರೆ 50. ಗಾಳಿ ಒಂದಿಷ್ಟೂ ಹೆಚ್ಚಿಲ್ಲ ಎಂಬುದನ್ನು ಗಮನಿಸಬೇಕು. ಮೊದಲೇ ತುಸು ಸೊಟ್ಟಗಿದ್ದ ಕಂಬದ ಸೊಟ್ಟವೂ ಇದೇ ಲೆಕ್ಕದಲ್ಲಿ ಬೆಳೆಯುತ್ತದೆ.

ಮಲೆನಾಡಿನಲ್ಲಿ ನನಗೆ ಹೆಚ್ಚು ಯೋಚನೆ ಹತ್ತಿಸುವುದು ನೀರು ಕುಡಿದ ಮರ. ತೇವದಿಂದ ಮರದ ಬಿಗಿ ಐದರಲ್ಲೊಂದು ಪಾಲು ಕುಗ್ಗಿತೆನ್ನಿ; ಗಾಳಿಯೊಂದರಿಂದ ಆಗುವ ಬಾಗು 6.25 ಮಿ.ಮೀ.ಗೆ ಏರುತ್ತದೆ, ಕಂಬ ತಡೆಯುವ ಭಾರ 2,900ರಿಂದ 2,320 ಕೆ.ಜಿ.ಗೆ ಇಳಿಯುತ್ತದೆ, ಮಾಡಿನ ಭಾರ ಅದೇ 1,450 ಕೆ.ಜಿ. ಇದ್ದರೂ 10 ಮಿ.ಮೀ. ಇದ್ದ ಒಟ್ಟು ಬಾಗು ಹದಿನಾರೂವರೆ ದಾಟುತ್ತದೆ.

ಇದಕ್ಕೆ ದಪ್ಪ ಕಂಬವೇ ಬೇಕೆಂದಿಲ್ಲ. ಕಂಬದ ನಟ್ಟನಡುವೆ ಒಂದು ಅಡ್ಡಪಟ್ಟಿ ಹೊಡೆದು ಗೋಡೆಗೆ ಭದ್ರವಾಗಿ ಬಿಗಿದರೆ ಬಾಗುವ ಉದ್ದ ಅರ್ಧವಾಗಿ, ತಡೆಯುವ ಭಾರ ನಾಲ್ಕು ಪಟ್ಟಾಗುತ್ತದೆ.