ಚುನಾವಣೆ ಘೋಷಣೆಗೆ ಮುಂಚಿನ ಆ ಹತ್ತು ದಿನ

ಚುನಾವಣೆಯ ದಿನಾಂಕ ಇನ್ನೇನು ಹೊರಬೀಳುತ್ತೆ ಅಂತ ಸುದ್ದಿ ಹಬ್ಬಿದ ವಾರ ಯಾವುದಾದರೂ ತಾಲ್ಲೂಕಿನ ಒಳರಸ್ತೆಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಬೆಳಿಗ್ಗೆ ಏಳಕ್ಕೆ ಒಂದು ಊರಲ್ಲಿ ಗುದ್ದಲಿ ಪೂಜೆ, ಎಂಟೂವರೆಗೆ ಪಕ್ಕದ ಊರಲ್ಲಿ ಇನ್ನೊಂದು, ಹತ್ತಕ್ಕೆ ಸಮುದಾಯ ಭವನದ ಉದ್ಘಾಟನೆ. ಶಾಮಿಯಾನ ಒಂದೇ. ಅದನ್ನೇ ಬಿಚ್ಚಿ ಟ್ರ್ಯಾಕ್ಟರಿಗೆ ಹಾಕಿಕೊಂಡು ಮುಂದಿನ ಊರಿಗೆ ಒಯ್ಯುತ್ತಾರೆ. ಶಾಸಕರು ಕಾರಿಂದ ಇಳಿದು, ಕಾಯಿ ಒಡೆದು, ಗುದ್ದಲಿಯಿಂದ ಮೂರು ಏಟು ಹಾಕಿ, ಫೋಟೋ ತೆಗೆಸಿಕೊಂಡು ಹೊರಟುಬಿಡುತ್ತಾರೆ. ರಸ್ತೆ ಬದಿಯಲ್ಲಿ ಉಳಿಯೋದು ಒಂದು ಕಪ್ಪು ಗ್ರಾನೈಟ್ ಕಲ್ಲು, ಅದರ ಮೇಲೆ ಸಾಲಾಗಿ ಹೆಸರುಗಳು.

ನಮ್ಮೂರಿನ ಅಂಥ ಒಂದು ಕಲ್ಲಿಗೆ ನಾಲ್ಕನೇ ದಿನಕ್ಕೇ ಮುಸುಕು ಬಿತ್ತು. ಚುನಾವಣೆ ಘೋಷಣೆಯಾಯಿತು, ಜೊತೆಗೇ ಮಾದರಿ ನೀತಿ ಸಂಹಿತೆ, ಅಂದರೆ ಚುನಾವಣೆ ಹೊತ್ತಿಗೆ ಪಕ್ಷಗಳು, ಸರ್ಕಾರ ಹೇಗೆ ನಡೆದುಕೊಳ್ಳಬೇಕು ಅನ್ನೋ ಚುನಾವಣಾ ಆಯೋಗದ ನಿಯಮಗಳು, ಜಾರಿಗೆ ಬಂತು. ಪಂಚಾಯಿತಿ ನೀರುಗಂಟಿ ಬಂದು ಮೈದಾ ಅಂಟು ಹಚ್ಚಿ, ಹಳೇ ಪೇಪರ್ ಮೆತ್ತಿ ಹೋದರು. ಸರ್ಕಾರಿ ಕಚೇರಿಗಳಲ್ಲಿ ಮುಖ್ಯಮಂತ್ರಿಗಳ ಫೋಟೋ ಕೆಳಗಿಳಿಯಿತು. ಮಂತ್ರಿಗಳು ಪ್ರಚಾರಕ್ಕೆ ಸರ್ಕಾರಿ ಕಾರು ಬಿಟ್ಟರು.

ಹಾಗಾದರೆ ಘೋಷಣೆಯ ಈ ಒಂದು ದಿನಕ್ಕೆ ಇಷ್ಟು ಬೆಲೆ ಬಂದಿದ್ದು ಹೇಗೆ? ಪಕ್ಷಗಳ ನಡವಳಿಕೆ ಪೂರ್ತಿ ಈ ದಿನದ ಸುತ್ತಲೇ ಸುತ್ತುತ್ತೆ, ಅಧಿಕಾರದಲ್ಲಿ ಯಾರೇ ಇರಲಿ. ಅದಕ್ಕೇ ಇದರ ಹಿಂದಿನ ಕತೆ ಗೊತ್ತಿರಬೇಕು ಅನ್ನೋದು ನನ್ನ ಆಸೆ.

ಮಾದರಿ ನೀತಿ ಸಂಹಿತೆ ಹುಟ್ಟಿದ್ದು 1960ರಲ್ಲಿ, ಕೇರಳದಲ್ಲಿ. ಹಿಂದಿನ ವರ್ಷವಷ್ಟೇ ಅಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಸರ್ಕಾರವನ್ನು ಕೇಂದ್ರ ವಜಾ ಮಾಡಿತ್ತು, ರಾಜ್ಯ ಕೊತಕೊತ ಕುದಿಯುತ್ತಿತ್ತು. ಸಭೆ, ಮೆರವಣಿಗೆ, ಭಾಷಣ, ಘೋಷಣೆ, ಪೋಸ್ಟರ್ ವಿಷಯದಲ್ಲಿ ಹೀಗೆ ನಡೆದುಕೊಳ್ಳೋಣ ಅಂತ ಒಂದು ಸಣ್ಣ ಪಟ್ಟಿ ತಯಾರಾಯಿತು. 1962ರ ಲೋಕಸಭಾ ಚುನಾವಣೆ ಹೊತ್ತಿಗೆ ಚುನಾವಣಾ ಆಯೋಗ ಅದನ್ನು ಮಾನ್ಯತೆ ಪಡೆದ ಎಲ್ಲಾ ಪಕ್ಷಗಳಿಗೂ ಕಳಿಸಿತು. ಆಗಿನ ಚಿಂತೆ ಇದ್ದಿದ್ದು ಬೀದಿ ಜಗಳದ ಬಗ್ಗೆ. ಒಬ್ಬರ ಮೆರವಣಿಗೆ ಇನ್ನೊಬ್ಬರ ಸಭೆಗೆ ನುಗ್ಗಬಾರದು, ಒಬ್ಬರ ಪೋಸ್ಟರ್ ಇನ್ನೊಬ್ಬರು ಕೀಳಬಾರದು, ಅಂಥದ್ದು. ಸರ್ಕಾರದಲ್ಲಿ ಕೂತ ಪಕ್ಷಕ್ಕೆ ಬೇರೆಯವರಿಗಿಲ್ಲದ ಬಲ ಇದೆ ಅನ್ನೋ ವಿಷಯ ಇನ್ನೂ ಅದರೊಳಗೆ ಬಂದಿರಲಿಲ್ಲ.

ಆ ಬಲ ಎಂಥದ್ದು ಅಂತ ದೇಶಕ್ಕೇ ಕಾಣಿಸಿದ್ದು 1975ರ ಜೂನ್ 12ರಂದು. 1971ರಲ್ಲಿ ರಾಯ್‌ಬರೇಲಿಯಿಂದ ಇಂದಿರಾ ಗಾಂಧಿ ಗೆದ್ದಿದ್ದನ್ನು ಅಲಹಾಬಾದ್ ಹೈಕೋರ್ಟಿನ ನ್ಯಾಯಮೂರ್ತಿ ಜಗಮೋಹನಲಾಲ್ ಸಿನ್ಹಾ ರದ್ದು ಮಾಡಿದರು. ಅವರು ಒಪ್ಪಿದ ಕಾರಣಗಳು ಕೇಳೋಕೆ ಸಣ್ಣವು. ಭಾಷಣದ ವೇದಿಕೆಯನ್ನು ಸರ್ಕಾರಿ ಅಧಿಕಾರಿಗಳು ಕಟ್ಟಿಸಿಕೊಟ್ಟಿದ್ದರು, ಧ್ವನಿವರ್ಧಕಕ್ಕೆ ಕರೆಂಟ್ ವ್ಯವಸ್ಥೆ ಮಾಡಿದ್ದರು, ಸರ್ಕಾರಿ ಕೆಲಸದಲ್ಲಿದ್ದವರೊಬ್ಬರು ಪ್ರಚಾರಕ್ಕೆ ನಿಂತಿದ್ದರು. ಅದಾಗಿ ಎರಡು ವಾರದೊಳಗೆ ತುರ್ತು ಪರಿಸ್ಥಿತಿ ಬಂತು, ಕಾನೂನನ್ನೇ ತಿದ್ದಿದರು, ಸುಪ್ರೀಂ ಕೋರ್ಟಿನಲ್ಲಿ ಆ ತೀರ್ಪೂ ನಿಲ್ಲಲಿಲ್ಲ. ಇಷ್ಟಕ್ಕೆ ಇಷ್ಟೊಂದಾ ಅಂತ ಕೇಳುವವರು ಆಗಲೂ ಇದ್ದರು. ನನಗೆ ಮಾತ್ರ ಆ ವೇದಿಕೆಯ ಮಾತು ಸಣ್ಣದು ಅಂತ ಯಾವತ್ತೂ ಅನಿಸಿಲ್ಲ. ಎಲ್ಲರ ತೆರಿಗೆ ದುಡ್ಡಲ್ಲಿ ಒಬ್ಬರಿಗೆ ಮಾತ್ರ ವೇದಿಕೆ ಕಟ್ಟಿಕೊಟ್ಟರೆ ಅದು ಪೈಪೋಟಿ ಅಲ್ಲ, ಅಲ್ವಾ?

1979ರಲ್ಲಿ ಆಯೋಗ ಸಂಹಿತೆಗೆ ಹೊಸ ಭಾಗ ಸೇರಿಸಿತು: ಅಧಿಕಾರದಲ್ಲಿರುವ ಪಕ್ಷ ಹೇಗಿರಬೇಕು ಅಂತ. ಮಂತ್ರಿಗಳು ಸರ್ಕಾರಿ ಪ್ರವಾಸದ ಜೊತೆ ಪ್ರಚಾರ ಬೆರೆಸಬಾರದು. ಮೈದಾನ, ಹೆಲಿಪ್ಯಾಡ್, ಪ್ರವಾಸಿ ಮಂದಿರ ತಮಗೊಬ್ಬರಿಗೇ ಅನ್ನಬಾರದು. ಬೊಕ್ಕಸದ ಹಣದಲ್ಲಿ ಜಾಹೀರಾತು ಕೊಡಬಾರದು. ಇವತ್ತು ಇದೇ ಭಾಗದಲ್ಲಿ ಅಡಿಗಲ್ಲು ಹಾಕೋದು, ಅನುದಾನ ಘೋಷಿಸೋದು, ರಸ್ತೆ ಮತ್ತು ಕುಡಿಯುವ ನೀರಿನ ಭರವಸೆ ಕೊಡೋದು, ತಾತ್ಕಾಲಿಕ ನೇಮಕ ಮಾಡೋದು, ಎಲ್ಲಕ್ಕೂ ತಡೆ ಇದೆ.

ಆದರೆ ಬರೆದಿಟ್ಟಿದ್ದಕ್ಕೆ ಬೆಲೆ ಬಂದಿದ್ದು ಟಿ.ಎನ್. ಶೇಷನ್ ಕಾಲದಲ್ಲಿ. 1990ರ ಡಿಸೆಂಬರಿನಿಂದ 1996ರ ಡಿಸೆಂಬರಿನವರೆಗೆ ಅವರು ಮುಖ್ಯ ಚುನಾವಣಾ ಆಯುಕ್ತರಾಗಿದ್ದರು. 1993ರಲ್ಲಿ ಹಿಮಾಚಲದ ರಾಜ್ಯಪಾಲ ಗುಲ್ಶೇರ್ ಅಹ್ಮದ್ ಮಧ್ಯಪ್ರದೇಶದ ಸತ್ನಾಕ್ಕೆ ಹೋಗಿ ಮಗನ ಪರ ಪ್ರಚಾರ ಮಾಡಿದರು ಅಂತ ದೂರು ಬಂತು. ಶೇಷನ್ ಆ ಕ್ಷೇತ್ರದ ಚುನಾವಣೆಯನ್ನೇ ತಡೆದರು. ರಾಜ್ಯಪಾಲರು ರಾಜೀನಾಮೆ ಕೊಡಬೇಕಾಯಿತು. ಸಂಹಿತೆಗೆ ಕಾನೂನಿನ ಬಲ ಆಗಲೂ ಇರಲಿಲ್ಲ, ಈಗಲೂ ಇಲ್ಲ. ಅದನ್ನು ಕಾನೂನು ಮಾಡಿ ಅಂತ 2013ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿ ಹೇಳಿತ್ತು. ಆಯೋಗಕ್ಕೆ ಅದು ಬೇಡ. ಕೋರ್ಟಿಗೆ ಹೋದರೆ ಕೇಸು ಮುಗಿಯೋದರೊಳಗೆ ಚುನಾವಣೆಯೇ ಮುಗಿದಿರುತ್ತೆ ಅನ್ನೋದು ಅವರ ವಾದ.

ಇಲ್ಲಿಂದ ಶುರುವಾಗಿದ್ದು ದಿನಾಂಕದ ಜಟಾಪಟಿ. ಸಂಹಿತೆ ಯಾವತ್ತಿನಿಂದ ಜಾರಿ? ಚುನಾವಣೆಯ ಅಧಿಸೂಚನೆ, ಅಂದರೆ ನಾಮಪತ್ರ ಸಲ್ಲಿಕೆಗೆ ದಾರಿ ತೆರೆಯುವ ಅಧಿಕೃತ ಆದೇಶ, ಬಂದ ದಿನದಿಂದ ಅಂತ ಸರ್ಕಾರಗಳು, ಆಯೋಗ ವೇಳಾಪಟ್ಟಿ ಘೋಷಿಸಿದ ದಿನದಿಂದ ಅಂತ ಆಯೋಗ. 1997ರಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಆಯೋಗದ ಮಾತನ್ನು ಎತ್ತಿ ಹಿಡಿಯಿತು. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿ, 2001ರಲ್ಲಿ ಕೇಂದ್ರ ಮತ್ತು ಆಯೋಗದ ನಡುವೆ ಒಂದು ಒಪ್ಪಂದವಾಯಿತು: ಘೋಷಣೆಯ ದಿನವೇ ಗೆರೆ, ಆದರೆ ಅಧಿಸೂಚನೆಗೆ ಮೂರು ವಾರಕ್ಕಿಂತ ಜಾಸ್ತಿ ಮುಂಚೆ ಘೋಷಿಸುವ ಹಾಗಿಲ್ಲ.

ಗೆರೆ ಎಳೆದಾಯಿತು. ಪಕ್ಷಗಳು ಏನು ಮಾಡಿದವು? ಮಾಡೋದನ್ನೆಲ್ಲ ಗೆರೆಯ ಈಚೆಗೆ ತಂದುಕೊಂಡವು.

ಇದು ಒಂದು ಪಕ್ಷದ ಚಾಳಿ ಅಲ್ಲ. 2014ರ ಮಾರ್ಚ್ 5ರಂದು ಲೋಕಸಭಾ ಚುನಾವಣೆ ಘೋಷಣೆಯಾಯಿತು. ಹಿಂದಿನ ದಿನ, ಮಾರ್ಚ್ 4ರಂದು ಮನಮೋಹನ್ ಸಿಂಗ್ ಸರ್ಕಾರ ಜಾಟರನ್ನು ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸಿ ಅಧಿಸೂಚನೆ ಹೊರಡಿಸಿತ್ತು. ಒಂದು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. 2023ರ ಮಾರ್ಚ್ 24ರಂದು ಬೊಮ್ಮಾಯಿ ಸಂಪುಟ ಮುಸ್ಲಿಮರ ಶೇ 4 ಮೀಸಲಾತಿ ತೆಗೆದು ಒಕ್ಕಲಿಗರಿಗೆ ಶೇ 2, ಲಿಂಗಾಯತರಿಗೆ ಶೇ 2 ಹಂಚಿತು. ಐದೇ ದಿನಕ್ಕೆ, 29ರಂದು ವಿಧಾನಸಭಾ ಚುನಾವಣೆ ಘೋಷಣೆಯಾಯಿತು. ಈ ನಿರ್ಧಾರ ಮತದಾನಕ್ಕೆ ಮೊದಲೇ ಸುಪ್ರೀಂ ಕೋರ್ಟಿನಲ್ಲಿ ನಿಂತುಹೋಯಿತು. 2024ರಲ್ಲಿ ಮಾರ್ಚ್ 8ಕ್ಕೆ ಅಡುಗೆ ಅನಿಲದ ಸಿಲಿಂಡರ್ ಬೆಲೆ 100 ರೂಪಾಯಿ ಇಳಿಯಿತು, 15ಕ್ಕೆ ಪೆಟ್ರೋಲ್, ಡೀಸೆಲ್ ಬೆಲೆ 2 ರೂಪಾಯಿ ಇಳಿಯಿತು, 16ಕ್ಕೆ ಚುನಾವಣೆ ಘೋಷಣೆ. ತಾರೀಖುಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆ ಸಾಕ್ಷಿ ಬೇಕಾಗಲ್ಲ.

ಬ್ಯಾಂಕ್ ಸಾಲದಲ್ಲೂ ಇದೇ ಕತೆ. 1990ರ ದಶಕದ ಲೆಕ್ಕ ಇಟ್ಟುಕೊಂಡು ಅರ್ಥಶಾಸ್ತ್ರಜ್ಞ ಶಾನ್ ಕೋಲ್ ಮಾಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಸರ್ಕಾರಿ ಬ್ಯಾಂಕುಗಳು ಕೊಡುವ ಕೃಷಿ ಸಾಲದ ಏರಿಕೆ ಚುನಾವಣಾ ವರ್ಷದಲ್ಲಿ ಶೇ 5ರಿಂದ 10 ಅಂಶದಷ್ಟು ಹೆಚ್ಚಿರುತ್ತೆ, ಅದರಲ್ಲೂ ಗೆಲುವಿನ ಅಂತರ ಕಡಿಮೆ ಇದ್ದ ಜಿಲ್ಲೆಗಳಲ್ಲಿ ಜಾಸ್ತಿ ಅಂತ ಅವರು ತೋರಿಸಿದರು. ಬೆಳೆ ಮಾತ್ರ ಅದಕ್ಕೆ ತಕ್ಕ ಹಾಗೆ ಹೆಚ್ಚಿರಲಿಲ್ಲ. ನನ್ನನ್ನು ತುಂಬ ಕಾಡೋದು ಈ ಕೊನೆಯ ಮಾತು. ಸಾಲ ಬೇಕಾಗೋದು ಬಿತ್ತನೆ ಹೊತ್ತಿಗೆ, ಮತದಾನದ ಹೊತ್ತಿಗಲ್ಲ.

ವಿರೋಧ ಪಕ್ಷದ ಕೈಯಲ್ಲಿ ಬೊಕ್ಕಸ ಇಲ್ಲ, ಹಾಗಾಗಿ ಅದು ಭರವಸೆ ಕೊಡುತ್ತೆ. ತಮಿಳುನಾಡಿನಲ್ಲಿ 2006ರ ಬಣ್ಣದ ಟಿವಿ, 2011ರ ಮಿಕ್ಸಿ, ಗ್ರೈಂಡರ್ ವಿಷಯ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಪ್ರಣಾಳಿಕೆಯ ಭರವಸೆಯನ್ನು ಕಾನೂನಿನ ಪ್ರಕಾರ ಚುನಾವಣಾ ಭ್ರಷ್ಟಾಚಾರ ಅನ್ನೋಕಾಗಲ್ಲ, ಆದರೆ ಆಯೋಗ ನಿಯಮ ಮಾಡಲಿ ಅಂತ 2013ರ ಜುಲೈನಲ್ಲಿ ಕೋರ್ಟ್ ಹೇಳಿತು. ಅದಕ್ಕೇ ಈಗ ಸಂಹಿತೆಯಲ್ಲಿ ಪ್ರಣಾಳಿಕೆಗೂ ಒಂದು ಭಾಗ ಇದೆ. ಕರ್ನಾಟಕದ 2023ರ ಗ್ಯಾರಂಟಿ ಕಾರ್ಡು, ಆಗ ಅಧಿಕಾರದಲ್ಲಿದ್ದ ಪಕ್ಷವೇ ಹೇಳಿದ ನಿತ್ಯ ಅರ್ಧ ಲೀಟರ್ ನಂದಿನಿ ಹಾಲು, ಹಬ್ಬಕ್ಕೊಂದರಂತೆ ವರ್ಷಕ್ಕೆ ಮೂರು ಸಿಲಿಂಡರ್, ಇವೆಲ್ಲ ಬಂದಿದ್ದು ಆ ಭಾಗ ಸೇರಿದ ಮೇಲೆಯೇ. ಭರವಸೆ ಕೊಡೋದೇ ತಪ್ಪು ಅಂತ ನಾನು ಹೇಳಲ್ಲ. ಬಸ್ಸು ಹತ್ತಿ ಕೆಲಸಕ್ಕೆ ಹೋಗುವ ಹೆಣ್ಣುಮಕ್ಕಳನ್ನು ಕೇಳಿ, ಅವರಿಗೆ ಅದರ ಬೆಲೆ ಗೊತ್ತು. ಹಣ ಎಲ್ಲಿಂದ ತರ್ತೀರಿ ಅನ್ನೋದನ್ನೂ ಅದೇ ಪುಟದಲ್ಲಿ ಬರೆಯಿರಿ ಅನ್ನೋದಷ್ಟೇ ನನ್ನ ಬೇಡಿಕೆ.

ಖರ್ಚಿನ ವಿಷಯ ಇನ್ನೂ ಹಳೇ ಗಾಯ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚನ್ನೂ ಅವರ ಲೆಕ್ಕಕ್ಕೇ ಸೇರಿಸಿ ಅಂತ 1974ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಸರ್ಕಾರ ಸುಗ್ರೀವಾಜ್ಞೆ ತಂದು ಆ ತೀರ್ಪನ್ನು ಮೂಲೆಗೆ ತಳ್ಳಿತು. ಈಗ ಕರ್ನಾಟಕದ ವಿಧಾನಸಭಾ ಅಭ್ಯರ್ಥಿಗೆ 40 ಲಕ್ಷದ ಮಿತಿ ಇದೆ, ಪಕ್ಷಕ್ಕೆ ಮಿತಿಯೇ ಇಲ್ಲ.

ಇನ್ನು ಪಕ್ಷ ಜಿಗಿತ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಸದಸ್ಯತ್ವ ಕಿತ್ತುಕೊಳ್ಳುತ್ತೆ, ಸರಿ. ಅವಧಿ ಮುಗಿಯೋಕೆ ಒಂದು ತಿಂಗಳಿದ್ದಾಗ ಕಿತ್ತುಕೊಳ್ಳೋಕೆ ಉಳಿದಿರೋದಾದರೂ ಏನು? ಟಿಕೆಟ್ ಪಟ್ಟಿ ಹೊರಬಿದ್ದ ರಾತ್ರಿಯೇ ರಾಜೀನಾಮೆ ಬರೆಯೋದು ಅದಕ್ಕೇ.

ಮತ್ತೆ ಆ ಗುದ್ದಲಿ ಪೂಜೆಗೆ ಬರ್ತೀನಿ. ಅಷ್ಟೊಂದು ಅವಸರಕ್ಕೆ ಒಂದು ಕಾರಣ ನಿಯಮದಲ್ಲೇ ಇದೆ. ಸ್ಥಳದಲ್ಲಿ ನಿಜವಾಗಿ ಶುರುವಾದ ಕಾಮಗಾರಿ ಘೋಷಣೆಯ ನಂತರವೂ ಮುಂದುವರಿಯಬಹುದು, ಕಾರ್ಯಾದೇಶ ಸಿಕ್ಕಿದ್ದರೂ ಶುರುವಾಗದ ಕೆಲಸ ಚುನಾವಣೆ ಮುಗಿಯುವವರೆಗೆ ಕಾಯಬೇಕು. ಅಂದಮೇಲೆ ಆ ಮೂರು ಏಟಿನ ಹಿಂದೆ ಟೆಂಡರ್ ಆಗಿದೆಯಾ, ಹಣ ಬಂದಿದೆಯಾ ಅನ್ನೋದೇ ಮುಖ್ಯ. ಅದನ್ನು ಯಾರು ಬೇಕಾದರೂ ಕೇಳಬಹುದು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ಕಲ್ಲಿನ ಮೇಲಿನ ತಾರೀಖು ಬರೆದು, ಈ ಕಾಮಗಾರಿಗೆ ಆಡಳಿತಾತ್ಮಕ ಅನುಮೋದನೆ ಯಾವತ್ತು ಸಿಕ್ಕಿತು, ಕಾರ್ಯಾದೇಶ ಯಾವತ್ತು ಕೊಟ್ಟಿರಿ ಅಂತ ಎರಡೇ ಪ್ರಶ್ನೆ ಸಾಕು.

ನಮ್ಮೂರಿನ ಕಲ್ಲಿನ ಬಗ್ಗೆ ನಾನೂ ಹಾಗೇ ಕೇಳಿದೆ. ಒಂದು ಹಾಳೆಯ ಉತ್ತರ ಬಂತು. ಅಂದಾಜು ಪಟ್ಟಿ ಇನ್ನೂ ತಯಾರಾಗುತ್ತಿದೆ ಅಂತ ಅದರಲ್ಲಿತ್ತು. ಅಷ್ಟೊತ್ತಿಗೆ ಪೂಜೆ ಮಾಡಿ ಏಳು ತಿಂಗಳಾಗಿತ್ತು, ಕಲ್ಲಿನ ಮೇಲಿನ ಪೇಪರ್ ಮಳೆಗೆ ನೆನೆದು ಕಿತ್ತುಬಂದಿತ್ತು.